ಕಣದ ಬಿಸಿಲು ಯಾರದು?

(ನಮ್ಮ ‘ತೋಟದ ಮನೆ ಬಳಗ’ ಗುಂಪಿನಿಂದ, ಒಂದು ಭಾನುವಾರದ್ದು. ಗುಡ್ ಮಾರ್ನಿಂಗ್ ಹೂವುಗಳನ್ನು ತೆಗೆದಿದ್ದೇನೆ.)

ಪುಟ್ಟ: ಈ ವಿಡಿಯೋ ಎಲ್ರೂ ನೋಡಿ. 4 ಇಂಚಿನ ಪಿವಿಸಿ ಪೈಪು, 10 ಅಡಿ ಉದ್ದ. ಕಪ್ಪು ಬಣ್ಣ ಬಳಿದು ಎರಡೂ ಕಡೆ ಮುಚ್ಚಳ ಅಂಟಿಸಿ ಜೀಪಿನ ಕ್ಯಾರಿಯರ್ ಮೇಲೆ ಕಟ್ಟೋದು. ಬಿಸಿಲಿಗೆ ನೀರು ಕಾಯುತ್ತೆ. ಟ್ಯೂಬ್‌ಲೆಸ್ ಟೈರಿನ ವಾಲ್ವ್ ಹಾಕಿ ಗಾಳಿ ಹೊಡೆದ್ರೆ ಶವರ್ ಥರ ಚಿಮ್ಮುತ್ತೆ. ಕ್ರಿಸ್‌ಮಸ್ ರಜೆಗೆ ಸಕಲೇಶಪುರದ ತೋಟದಲ್ಲಿ ಟೆಂಟ್ ಹಾಕ್ತೀವಲ್ಲ, ಆಗ ಇದೇ.

ಸರೋಜತ್ತೆ: ಹಂಡೆ ಒಲೆ ಇದ್ಯಲ್ಲೋ.

ಪುಟ್ಟ: ಅತ್ತೆ, 14 ಜನ, ಒಂದೇ ಬಚ್ಚಲು. ಹೋದ ವರ್ಷ ನಾನು ಸ್ನಾನ ಮಾಡಿದ್ದು ಮಧ್ಯಾಹ್ನ ಊಟ ಆದ್ಮೇಲೆ.

ರಾಜು ಚಿಕ್ಕಪ್ಪ: ಬೇಡ. ಮುಖ್ಯವಾಗಿ ಆ ಗಾಳಿ ಹೊಡೆಯೋದು ಬೇಡವೇ ಬೇಡ.

ಪುಟ್ಟ: ಯಾಕೆ ಚಿಕ್ಕಪ್ಪ? ವಿಡಿಯೋದಲ್ಲಿ ಏನೂ ಆಗಿಲ್ವಲ್ಲ.

ರಾಜು ಚಿಕ್ಕಪ್ಪ: ಆಗಿದ್ರೆ ವಿಡಿಯೋ ಹಾಕ್ತಿದ್ನೇನೋ? ನಾನು ಪೈಪಿನ ಕೆಲಸದಲ್ಲೇ ತಲೆ ಹಣ್ಣು ಮಾಡ್ಕೊಂಡೋನು. ಅಂಗಡೀಲಿ ನಿನಗೆ ಅಗ್ಗಕ್ಕೆ ಕೊಡೋದು ಮೋರಿ ಪೈಪು, ಅದು ಒತ್ತಡಕ್ಕೆ ಮಾಡಿದ್ದಲ್ಲ. ಕಾರಿನ ಟೈರಿಗೆ ಹಾಕೋವಷ್ಟು, 30 ಪಿಎಸ್‌ಐ ಗಾಳಿ ಹಾಕಿದ್ರೆ ಒಂದೊಂದು ಮುಚ್ಚಳವನ್ನ ಹತ್ತಿರ ಹತ್ತಿರ 180 ಕೆ.ಜಿ. ಭಾರ ಹೊರಕ್ಕೆ ದಬ್ಬುತ್ತೆ. ನೀರು ತುಂಬಿ ಒಡೆದ್ರೆ ಬರೀ ಸೋರುತ್ತೆ. ಒಳಗೆ ಗಾಳಿ ಇದ್ದು ಒಡೆದ್ರೆ ಪಿವಿಸಿ ಚೂರು ಚೂರಾಗಿ ಹಾರುತ್ತೆ. ಬಿಸಿಲಲ್ಲಿ ಕಾದ ಪೈಪು ಇನ್ನೂ ಮೆತ್ತಗೆ. ಮಕ್ಕಳು ಪಕ್ಕದಲ್ಲೇ ನಿಂತಿರ್ತಾವೆ.

(ಚಿಕ್ಕಪ್ಪ ಇಷ್ಟುದ್ದ ಬರೆದದ್ದು ಅವರ ಮಗಳ ಮದುವೆ ಕರೆಯೋಲೆ ಬಿಟ್ರೆ ಇದೇ.)

ನಾನು: ಗಾಳಿ ಯಾಕೆ ಬೇಕು? ಆಳೆತ್ತರದಲ್ಲಿ ಕಟ್ಟಿ ಕೆಳಗೊಂದು ನಲ್ಲಿ ಹಾಕಿದ್ರೆ ನೀರು ತಾನೇ ಇಳಿಯುತ್ತೆ. ಮೇಲೊಂದು ಗಾಳಿ ಕಿಂಡಿ ಬಿಟ್ರಾಯ್ತು.

ಪುಟ್ಟ: ಸರಿ, ಗಾಳಿ ಬಿಟ್ಟೆ. ಮಿಕ್ಕಿದ್ದಕ್ಕೆ ಒಪ್ಪಿಗೆ ತಾನೆ?

ಭಾವ: ಲೆಕ್ಕ ಹಾಕ್ದೆ. ಆ ಪೈಪು ಹಿಡಿಯೋದು ಸುಮಾರು 24 ಲೀಟರ್. 18 ಡಿಗ್ರಿಯಿಂದ 40ಕ್ಕೆ ಏರಿಸೋಕೆ 0.6 ಯೂನಿಟ್ (ಕಿಲೋವ್ಯಾಟ್-ಗಂಟೆ) ಬೇಕು. ನಡು ಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ 1 ಕಿಲೋವ್ಯಾಟ್ ಅಂದ್ಕೊ, ಆ ಪೈಪಿಗೆ ಬೀಳೋದು ಅದರ ಮೂರನೇ ಒಂದು ಪಾಲು. ಗಾಳಿಗೆ ಸೋರಿ ಹೋಗೋ ಬಿಸಿನೂ ಸೇರಿಸಿದ್ರೆ, ಎಲ್ಲಾ ಸರಿಯಿದ್ರೂ ಮೂರು ಗಂಟೆಗಿಂತ ಜಾಸ್ತಿ ಹೊತ್ತು ಬೇಕು. ಅಷ್ಟು ಮಾಡಿದ್ರೂ ಒಬ್ಬರದ್ದು, ತಪ್ಪಿದ್ರೆ ಇಬ್ಬರದ್ದು ಸ್ನಾನ. 14 ಜನಕ್ಕೆ ಎಷ್ಟು ಪೈಪು ಕಟ್ತೀಯಪ್ಪ?

ಸರೋಜತ್ತೆ: ಬೆಳಗ್ಗೆ ಪೂಜೆಗೆ ಮುಂಚೆ ಬಿಸಿಲು ಎಲ್ಲಿಂದ ಬರುತ್ತೆ? ಅದನ್ನೂ ಲೆಕ್ಕ ಹಾಕಿ.

ಪುಟ್ಟ: ನೀವು ಹಂಡೆಲೇ ಮಾಡಿ ಅತ್ತೆ. ನಾವು ಹುಡುಗರು ನಾಲ್ಕು ಗಂಟೆಗೆ ಮಾಡ್ತೀವಿ.

ದೊಡ್ಡಪ್ಪ: ಈಗ ನೋಡಿದೆ. ಜೀಪು ಎಲ್ಲಿ ನಿಲ್ಲಿಸ್ತೀಯ?

ಪುಟ್ಟ: ಕೆರೆ ಪಕ್ಕ, ಟೆಂಟ್ ಹತ್ರ.

ದೊಡ್ಡಪ್ಪ: ಅಲ್ಲಿ ಪೂರ್ತಿ ಸಿಲ್ವರ್ ಓಕ್ ನೆರಳು. ಕಾಫಿ ಗಿಡಕ್ಕೇ ಚಿಲ್ರೆ ಬಿಸಿಲು ಸಿಗೋದು, ನಿನ್ನ ಪೈಪಿಗೆ ಎಲ್ಲಿಂದ?

ಪುಟ್ಟ: ಹಾಗಾದ್ರೆ ಕಣದಲ್ಲಿ.

ದೊಡ್ಡಪ್ಪ: ಕಣದಲ್ಲಿ ಅರೇಬಿಕಾ ಕಾಫಿ ಹಣ್ಣು ಒಣಗ್ತಿರುತ್ತೆ. ಜೀಪು ಹತ್ತಿಸಿದ್ರೆ ಕಾಲು ಮುರೀತೀನಿ.

ನಾನು: ದೊಡ್ಡಪ್ಪ, ಒರತೆಯಿಂದ ಮನೆಗೆ ನೀರು ಬರೋ ಕರಿ ಪೈಪು ಹೇಗೂ ಕಣದ ಅಂಚಲ್ಲೇ ಬರುತ್ತಲ್ಲ? ಮಧ್ಯಾಹ್ನ ಕೈ ತೊಳೆಯೋಕೆ ನಲ್ಲಿ ತಿರುಗಿಸಿದ್ರೆ ಮೊದಲ ನಾಲ್ಕು ಚೊಂಬು ಕೈ ಸುಡುತ್ತೆ. ಆಮೇಲೆ ಮಂಜುಗಡ್ಡೆ.

ಭಾವ: ಅದೇ ಸರಿ! 1 ಇಂಚಿನ ಪೈಪು 50 ಮೀಟರಿಗೆ 25 ಲೀಟರ್, ಪುಟ್ಟನ ಪೈಪಿನಷ್ಟೇ ನೀರು. ಆದ್ರೆ ಬಿಸಿಲು ಬೀಳೋ ಜಾಗ ಐದು ಪಟ್ಟು. ಹರಡಿ ಇಟ್ರೆ ಮುಕ್ಕಾಲು ಗಂಟೆ ಸಾಕು. ಸುರುಳಿ ಸುತ್ತಿ ಒಂದರ ಮೇಲೊಂದು ಪೇರಿಸಿದ್ರೆ ಮಾತ್ರ ಆಗಲ್ಲ. ಒಬ್ಬರು ಮುಗಿಸಿದ್ಮೇಲೆ ತಾನೇ ತುಂಬ್ಕೊಳ್ಳುತ್ತೆ, ಇನ್ನು ಮುಕ್ಕಾಲು ಗಂಟೆಗೆ ಇನ್ನೊಬ್ಬರು.

ರಾಜು ಚಿಕ್ಕಪ್ಪ: ಇದಕ್ಕೆ ನನ್ನ ಅಡ್ಡಿಯಿಲ್ಲ. ಆದ್ರೆ ನೇರ ತಲೆ ಮೇಲೆ ಬಿಡಬೇಡಿ. ಬಕೆಟ್‌ಗೆ ಹಿಡಿದು ಕೈಯಿಟ್ಟು ನೋಡಿ, ಚಿಕ್ಕ ಮಕ್ಕಳಿಗಂತೂ ತಣ್ಣೀರು ಬೆರೆಸಿ.

ಪುಟ್ಟ: ಬಕೆಟ್ ಆದ್ರೆ ಅದೇನು ಶವರ್ರು? ನನ್ನ ಪೈಪಿನ ಕಥೆ?

ಸರೋಜತ್ತೆ: ಬಾಳೆಗೆ ಊರುಗೋಲು ಮಾಡು.

(ಇಲ್ಲಿ ಹನ್ನೊಂದು ನಗುವ ಮುಖಗಳು. ಪುಟ್ಟ ಗುಂಪು ಬಿಟ್ಟ, ಹತ್ತು ನಿಮಿಷಕ್ಕೆ ಅವರಮ್ಮ ಮತ್ತೆ ಸೇರಿಸಿದ್ರು.)

ಪುಟ್ಟ: ಸರಿ. 50 ಮೀಟರ್ ಕರಿ ಪೈಪು ನಾನೇ ತರ್ತೀನಿ. ಹರಡೋಕೆ ಕಣದಲ್ಲಿ ಜಾಗ ಕೊಡಿ ದೊಡ್ಡಪ್ಪ.

ದೊಡ್ಡಪ್ಪ: ದುಡ್ಡು ದಂಡ ಮಾಡ್ಬೇಡ, ನರ್ಸರಿಯ ಹಳೇ ಪೈಪು ಶೆಡ್ಡಲ್ಲಿದೆ. ತೆಂಕಣ ಮೂಲೆ ಬಿಡ್ತೀನಿ. ಆದ್ರೆ ಅಲ್ಲಿಂದ ಎತ್ತಿದ ಹಣ್ಣನ್ನ ಮಿಕ್ಕ ಕಡೆ ದಪ್ಪಗೆ ಹರಡ್ಬೇಕಾಗುತ್ತೆ, ಗಂಟೆಗೊಂದು ಸಲ ಕೆದಕ್ತಾ ಇರ್ಬೇಕು.

ಪುಟ್ಟ: ಕೆಲಸದವರು ಇದ್ದಾರಲ್ಲ?

ದೊಡ್ಡಪ್ಪ: ಅವರು ಕೊಯ್ಲಿಗೆ. ಕೆದಕೋನು ನೀನು.

ಭಾವ: ಬೆವರು ಹರಿಯುತ್ತೆ, ಹೇಗೂ ಸ್ನಾನ ಇದೆ.

ಪುಟ್ಟ: ಅತ್ತೆ, ಹಂಡೆ ಒಲೆ ಎಷ್ಟೊತ್ತಿಗೆ ಹಚ್ತೀರಿ?