ಗಾಡಿಯವರ ಕಡಲೆಕಾಯಿಗೆ ಒಳಗಿನ ತನಕ ಉಪ್ಪು ಹಿಡಿದಿರುತ್ತೆ, ನಮ್ಮನೇದಕ್ಕೆ ಯಾಕಿಲ್ಲ?

ವಿಜಯನಗರದ ಸದಸ್ಯೆ: ನಮಸ್ತೆ ಮೇಡಂ. ಮಕ್ಕಳು ಸ್ಕೂಲಿಂದ ಬಂದ ತಕ್ಷಣ ಪಫ್ಸು, ಚಿಪ್ಸು ಅಂತ ಶುರು ಮಾಡ್ತಾರೆ. ಅದನ್ನ ತಪ್ಪಿಸೋಣ ಅಂತ ಭಾನುವಾರ ಒಂದು ಕೆಜಿ ಕಡಲೆಕಾಯಿ ತಂದು, ಉಪ್ಪು ಹಾಕಿ ಕುಕ್ಕರಲ್ಲಿ ಮೂರು ವಿಷಲ್ ಕೂಗಿಸಿದೆ. ಅರ್ಧ ಬೆಂದಿದೆ, ಅರ್ಧ ಗಟ್ಟಿ. ಉಪ್ಪಂತೂ ಸಿಪ್ಪೆ ಮೇಲೇ ಉಳಿದಿದೆ, ಬೀಜ ಸಪ್ಪೆ. ಗಾಡಿಯವರು ಅದೇನು ಮಾಡ್ತಾರೋ, ಅವರದ್ದು ಒಳಗಿನವರೆಗೂ ಉಪ್ಪುಪ್ಪಾಗಿರುತ್ತೆ. ನಮ್ಮ ಮಾವನಿಗೆ ಬಿಪಿ ಇರೋದ್ರಿಂದ ಸುಮ್ನೆ ಉಪ್ಪು ಸುರಿಯೋಕೂ ಭಯ. ದಯವಿಟ್ಟು ತಿಳಿಸಿ.

ಆಹಾರ ತಜ್ಞೆ: ಒಂದು ಊಹೆ ಮಾಡ್ತೀನಿ. ಕುಕ್ಕರ್ ಇಳಿಸಿದ ಕೂಡಲೇ ನೀರು ಬಸಿದುಬಿಟ್ರಿ, ಅಲ್ವಾ? ಉಪ್ಪಿನ ಕೆಲಸ ಹೆಚ್ಚಾಗಿ ನಡೆಯೋದೇ ಒಲೆ ಆರಿಸಿದ ಮೇಲೆ.

ಕಾಯೊಳಗೆ ಬೀಜದ ಸುತ್ತ ಖಾಲಿ ಜಾಗ ಇರುತ್ತೆ, ನೀರಿಗೆ ಹಾಕಿದಾಗ ತೇಲೋದು ಅದಕ್ಕೇ. ಕುದಿಯುವಾಗ ಅಲ್ಲಿರೋ ಗಾಳಿ ಹಿಗ್ಗಿ ಸಿಪ್ಪೆಯ ಸಣ್ಣ ರಂಧ್ರಗಳಿಂದ ಆಚೆ ಹೋಗುತ್ತೆ, ಒಳಗೆ ಹಬೆ ತುಂಬಿಕೊಳ್ಳುತ್ತೆ. ಆರುತ್ತಾ ಬಂದ ಹಾಗೆ ಆ ಹಬೆ ನೀರಾಗಿ ಕುಗ್ಗುತ್ತೆ, ಖಾಲಿಯಾದ ಜಾಗಕ್ಕೆ ಹೊರಗಿನ ಉಪ್ಪುನೀರನ್ನ ಕಾಯಿ ಎಳೆದುಕೊಳ್ಳುತ್ತೆ. ತೇಲ್ತಿದ್ದ ಕಾಯಿಗಳು ಒಂದೊಂದಾಗಿ ತಳ ಸೇರೋದನ್ನ ನೀವೇ ನೋಡಬಹುದು. ಆ ಹೊತ್ತಿಗೆ ನೀರನ್ನೇ ಬಸಿದಿದ್ರೆ ಒಳಗೆ ಹೋಗೋದು ಬರೀ ಗಾಳಿ. ಅದಕ್ಕೇ ಉಪ್ಪು ಜಾಸ್ತಿ ಮಾಡಬೇಡಿ, ಹೊತ್ತು ಜಾಸ್ತಿ ಮಾಡಿ. ಒಲೆ ಆರಿಸಿದ ಮೇಲೆ ಎರಡು ಗಂಟೆ ಅದೇ ನೀರಲ್ಲಿ ಬಿಡಿ. ಕಾಯಿ ಒತ್ತಿದಾಗ ಉಪ್ಪುನೀರು ಚಿಮ್ಮಿ ಮುಖಕ್ಕೆ ಬಿತ್ತು ಅಂದ್ರೆ ಹದ ಸರಿಯಾಗಿದೆ. ನಮ್ಮ ಕಡೆ ಕೆಲವರು ಒಂದೊಂದು ಕಾಯಿಯ ಮೂತಿ ಒತ್ತಿ ಸ್ವಲ್ಪ ಬಾಯಿ ಬಿಡಿಸಿ ಹಾಕ್ತಾರೆ. ಪುರುಸೊತ್ತಿದ್ರೆ ಮಾಡಿ, ಉಪ್ಪು ಇನ್ನೂ ಬೇಗ ಹಿಡಿಯುತ್ತೆ.

ಇನ್ನು ಅರ್ಧ ಗಟ್ಟಿ ಉಳಿದಿದ್ದಕ್ಕೆ ಕಾರಣ ಹಸಿ ಕಾಯಿ ಜೊತೆ ಒಣಗಿದ್ದು ಬೆರೆತಿರೋದು. ಕಿವಿ ಹತ್ರ ಹಿಡಿದು ಅಲ್ಲಾಡಿಸಿ: ಗಲಗಲ ಅಂದ್ರೆ ಒಣ, ಸದ್ದಿಲ್ಲದಿದ್ರೆ ಹಸಿ. ಹಸಿ ಕಾಯಿಯ ಸಿಪ್ಪೆಗೆ ಉಗುರು ಸಲೀಸಾಗಿ ಇಳಿಯುತ್ತೆ. ಬೇಯಿಸೋಕೆ ಹಸಿಯೇ ಚೆನ್ನ, ಮಳೆಗಾಲದ ಬೆಳೆ ಕಿತ್ತು ಬರೋ ಅಕ್ಟೋಬರ್‌, ನವೆಂಬರ್‌ನಲ್ಲಿ ಧಾರಾಳವಾಗಿ ಸಿಗುತ್ತೆ. ಒಣ ಕಾಯಿಯೇ ಸಿಕ್ಕಿದ್ರೆ ರಾತ್ರಿಯೇ ಉಪ್ಪುನೀರಲ್ಲಿ ನೆನೆಹಾಕಿ. ಉಪ್ಪು ಹಾಕಿದ್ರೆ ಬೇಯಲ್ಲ ಅಂತ ಹಿರಿಯರು ಹೇಳೋದನ್ನ ಇಲ್ಲಿ ನಂಬಬೇಡಿ. ನೆನೆಯೋ ನೀರಲ್ಲಿ ಉಪ್ಪಿದ್ರೆ ಕಾಳು ಮೆತ್ತಗಾಗೋದೇ ಸುಲಭ.

ಮೊದಲು ಮೂರು ನಾಲ್ಕು ನೀರಲ್ಲಿ ಚೆನ್ನಾಗಿ ಉಜ್ಜಿ ತೊಳೀರಿ. ಕೆಂಪು ಮಣ್ಣು ಉಳಿದ್ರೆ ರುಚಿ ಕೆಡೋದರ ಜೊತೆಗೆ ಕುಕ್ಕರಿನ ವಿಷಲ್ ತೂತಕ್ಕೂ ಕಟ್ಟಿಕೊಳ್ಳಬಹುದು. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಹಸಿಗೆ ಒಂದು ವಿಷಲ್ ಬಂದ ಮೇಲೆ ಸಣ್ಣ ಉರಿಯಲ್ಲಿ ಹತ್ತು ಹದಿನೈದು ನಿಮಿಷ, ನೆನೆದ ಒಣ ಕಾಯಿಗೆ ಅರ್ಧ ಗಂಟೆ. ವಿಷಲ್ ಎಣಿಸೋದು ನನಗೆ ಅಷ್ಟು ಸರಿಬರಲ್ಲ, ಒಂದೊಂದು ಕುಕ್ಕರ್ ಒಂದೊಂದು ಥರ ಕೂಗುತ್ತೆ. ಪ್ರೆಷರ್ ತಾನಾಗೇ ಇಳೀಲಿ.

ಬಸವೇಶ್ವರನಗರದ ಸದಸ್ಯ: ಮೇಡಂ, ಕುಕ್ಕರ್ ಬದಲು ದೊಡ್ಡ ಪಾತ್ರೇಲಿ ಬೇಯಿಸಿದ್ರೆ? ನಮ್ಮಮ್ಮ ಹಾಗೇ ಮಾಡ್ತಿದ್ರು. ಈಗ ನಾನು ಮಾಡಿದ್ರೆ ಎರಡು ಗಂಟೆ ಗ್ಯಾಸ್ ಉರಿದ್ರೂ ಬೇಯಲ್ಲ. ಚಿಟಿಕೆ ಸೋಡಾ ಹಾಕ್ಲಾ?

ಆಹಾರ ತಜ್ಞೆ: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100ಕ್ಕೆ ಕುದಿಯಲ್ಲ, ಸುಮಾರು 97 ಡಿಗ್ರಿಗೇ ಕುದಿ ಬರುತ್ತೆ. ತೆರೆದ ಪಾತ್ರೇಲಿ ಉರಿ ಎಷ್ಟು ಏರಿಸಿದ್ರೂ ಅದರ ಮೇಲೆ ಹೋಗಲ್ಲ. ಕುಕ್ಕರ್ ಒಳಗೆ 120ರ ಆಸುಪಾಸು ಇರುತ್ತೆ. ಜೊತೆಗೆ ನೀರು ಯಾವುದು ನೋಡಿ. ಬೋರ್‌ವೆಲ್ ನೀರಲ್ಲಿ ತೊಗರಿಬೇಳೆಯೇ ಸರಿಯಾಗಿ ಬೇಯಲ್ಲ, ಗಡಸು ನೀರಿನ ಕ್ಯಾಲ್ಸಿಯಂ ಕಾಳನ್ನ ಮೆತ್ತಗಾಗೋಕೆ ಬಿಡಲ್ಲ. ಕಾವೇರಿ ನೀರು ಅಥವಾ ಫಿಲ್ಟರ್ ನೀರಲ್ಲಿ ನೆನೆಸಿ, ಬೇಯಿಸಿ. ಸೋಡಾ ಬೇಡ. ಬೇಗ ಬೇಯೋದೇನೋ ನಿಜ, ಆದ್ರೆ ಬಿ ವಿಟಮಿನ್ನುಗಳಲ್ಲಿ ಥಯಾಮಿನ್ ಹಾಳಾಗುತ್ತೆ, ಬೀಜಕ್ಕೆ ಸೋಪಿನ ಥರದ ರುಚಿ ಬರುತ್ತೆ. ಪಾತ್ರೇಲೇ ಮಾಡ್ತೀನಿ ಅಂದ್ರೆ ತೇಲೋ ಕಾಯಿ ಮೇಲೆ ಒಂದು ತಟ್ಟೆ ಕವುಚಿ ಮುಳುಗಿಸಿಡಿ.

ವಿಜಯನಗರದ ಸದಸ್ಯೆ: ಹೌದು ಮೇಡಂ, ಕುಕ್ಕರನ್ನ ನಲ್ಲಿ ನೀರಿನ ಕೆಳಗೆ ಹಿಡಿದು ಆರಿಸಿ ನೀರು ಬಸಿದಿದ್ದೆ. ಮಾವನ ವಿಷಯ ಹೇಳಲಿಲ್ಲ. ಅವರಿಗೆ ಎಷ್ಟು ಕೊಡಬಹುದು?

ಆಹಾರ ತಜ್ಞೆ: ಲೀಟರ್ ನೀರಿಗೆ 20 ಗ್ರಾಂ ಉಪ್ಪು ಸಾಕು, ದೊಡ್ಡ ಚಮಚದಲ್ಲಿ ಹೆಚ್ಚುಕಮ್ಮಿ ಒಂದು. ಉಪ್ಪು ಹಾಕಿ ಬೇಯಿಸಿದ ಕಡಲೆಬೀಜ 100 ಗ್ರಾಮಿಗೆ ಸೋಡಿಯಂ 751 ಮಿಲಿಗ್ರಾಂ ಅಂತ ಅಮೆರಿಕದ ಕೃಷಿ ಇಲಾಖೆಯ ಪಟ್ಟಿ ಹೇಳುತ್ತೆ, ಉಪ್ಪಿನ ಲೆಕ್ಕದಲ್ಲಿ ಅದು ಸುಮಾರು 1.9 ಗ್ರಾಂ. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು ದಾಟಬಾರದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಾರು, ಪಲ್ಯ, ಉಪ್ಪಿನಕಾಯಿ ಎಲ್ಲಾ ಸೇರಿ 5 ಗ್ರಾಂ ಅನ್ನೋದನ್ನ ಮರೀಬೇಡಿ. ಕಾಲು ಲೀಟರ್ ಹಿಡಿಯೋ ಲೋಟದಲ್ಲಿ ಸಿಪ್ಪೆ ಸಮೇತ ಒಂದು ಲೋಟ ಕಾಯಿ ಬಿಡಿಸಿದ್ರೆ ಸುಮಾರು 60 ಗ್ರಾಂ ಬೀಜ ಸಿಗುತ್ತೆ. ಮಾವನಿಗೆ ಮಾತ್ರ ಒಂದು ಹಿಡಿ ಕಾಯಿ ಉಪ್ಪಿಲ್ಲದೆ ಬೇರೆ ಬೇಯಿಸಿ, ಬಿಡಿಸಿದ ಬೀಜಕ್ಕೆ ನಿಂಬೆಹುಳಿ ಹಿಂಡಿ, ಈರುಳ್ಳಿ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ ಕಲಸಿ ಕೊಡಿ. ಹುಳಿ ಖಾರ ಇದ್ರೆ ಉಪ್ಪು ಇಲ್ಲ ಅನ್ನೋದು ಅಷ್ಟಾಗಿ ಗೊತ್ತಾಗಲ್ಲ. ಕಿಡ್ನಿ ತೊಂದರೆಯೂ ಇದ್ರೆ ಪೊಟ್ಯಾಸಿಯಂ, ಫಾಸ್ಫರಸ್ ಲೆಕ್ಕ ಬರುತ್ತೆ, ಅವರ ಡಾಕ್ಟರನ್ನ ಕೇಳದೆ ಕೊಡಬೇಡಿ.

ಹನುಮಂತನಗರದ ಸದಸ್ಯೆ: ಮೊನ್ನೆ ಬೇಯಿಸಿದ ಕಾಯಿ ಬಿಡಿಸಿದ್ರೆ ಎಷ್ಟೋ ಸಿಪ್ಪೆ ಒಳಗೆ ಕಪ್ಪು ಕಲೆ. ಬೂಷ್ಟು ಅಂತ ನಮ್ಮತ್ತೆ ಎಲ್ಲಾ ಬಿಸಾಕಿಸಿದ್ರು. ಕುಕ್ಕರಲ್ಲಿ ಅಷ್ಟು ಬೆಂದ ಮೇಲೆ ಬೂಷ್ಟು ಸತ್ತು ಹೋಗಿರುತ್ತೆ ಅಂತ ನಮ್ಮನೆಯವರ ವಾದ. ಯಾರು ಸರಿ?

ಆಹಾರ ತಜ್ಞೆ: ಇಬ್ಬರದ್ದೂ ಅರ್ಧ ಸರಿ. ಇದನ್ನ ಸ್ವಲ್ಪ ಬಿಡಿಸಿಯೇ ಹೇಳಬೇಕು.

ಸಿಪ್ಪೆಯ ಒಳಗೋಡೆ ಕಂದು, ಕಪ್ಪು ಆಗಿದ್ದು, ಬೀಜ ದುಂಡಗೆ ತುಂಬಿಕೊಂಡಿದ್ದು, ಬೀಜದ ಹೊಟ್ಟು ತಿಳಿ ಗುಲಾಬಿ ಬಣ್ಣ ಇದ್ರೆ ಅದು ಬೂಷ್ಟಲ್ಲ, ಕಾಯಿ ಬಲಿತಿದೆ ಅಂತ. ಎಳಸು ಕಾಯಿಯ ಒಳಗೋಡೆ ಬೆಳ್ಳಗಿರುತ್ತೆ, ಬಲಿತ ಹಾಗೆ ಕಂದು ತಿರುಗುತ್ತೆ. ಕಾಯಿ ಕೀಳೋ ಮೊದಲು ರೈತರು ಒಂದೆರಡು ಗಿಡ ಕಿತ್ತು ಸುಲಿದು ಇದನ್ನೇ ನೋಡೋದು. ನಿಮ್ಮತ್ತೆ ಬಹುಶಃ ಒಳ್ಳೇ ಕಾಯಿಯನ್ನೇ ಬಿಸಾಕಿಸಿದ್ದಾರೆ.

ಬೀಜದ ಮೇಲೇ ಹಸಿರು, ಹಳದಿ, ಬೂದು ಪುಡಿ ಥರ ಇದ್ರೆ, ಬೀಜ ಸುಕ್ಕಿ ಬಣ್ಣಗೆಟ್ಟಿದ್ರೆ, ಮುಗ್ಗಲು ವಾಸನೆ ಬಂದ್ರೆ, ಬಾಯಿಗೆ ಕಹಿಯಾದ್ರೆ ಉಗುಳಿಬಿಡಿ. ಇಲ್ಲಿ ನಿಮ್ಮನೆಯವರ ವಾದ ನಿಲ್ಲಲ್ಲ. ಕುದಿಯೋ ನೀರಲ್ಲಿ ಶಿಲೀಂಧ್ರ ಸಾಯುತ್ತೆ, ನಿಜ. ಆದ್ರೆ ಆಸ್ಪರ್ಜಿಲಸ್ ಜಾತಿಯ ಶಿಲೀಂಧ್ರ ಬಿಟ್ಟುಹೋಗೋ ಅಫ್ಲಾಟಾಕ್ಸಿನ್ ಅನ್ನೋ ವಿಷ ಹೋಗಲ್ಲ. ಅದು ಒಡೆಯೋಕೆ 200 ಡಿಗ್ರಿಗಿಂತ ಎಷ್ಟೋ ಮೇಲಿನ ಶಾಖ ಬೇಕು, ನಮ್ಮ ಕುಕ್ಕರ್ ಅದರ ಹತ್ತಿರಕ್ಕೂ ಹೋಗಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಅವುಗಳ ಮೇವಿನಲ್ಲಿದ್ದ, ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ. ಈ ವಿಷ ಬೆಳಕಿಗೆ ಬಂದಿದ್ದೇ ಹಾಗೆ. ಒಂದು ಸಲ ಒಂದು ಕೆಟ್ಟ ಬೀಜ ನುಂಗಿದ್ರೆ ಗಾಬರಿ ಬೇಡ, ವರ್ಷಗಟ್ಟಲೆ ಸೇರುತ್ತಾ ಹೋದ್ರೆ ಲಿವರಿಗೆ ಪೆಟ್ಟು, ಕ್ಯಾನ್ಸರಿಗೂ ದಾರಿ. ತೂತು ಬಿದ್ದಿದ್ದು, ಒಡೆದಿದ್ದು, ಜೊಳ್ಳು ಎಲ್ಲಾ ಬೇಯಿಸೋ ಮೊದಲೇ ಆರಿಸಿ ತೆಗೀರಿ. ಹಸಿ ಕಾಯಿನ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಮೂಲೆಗಿಡಬೇಡಿ, ಬೆವರಿ ಬೂಷ್ಟು ಹಿಡಿಯುತ್ತೆ. ತಂದ ದಿನವೇ ಬೇಯಿಸಿ, ಇಲ್ಲಾಂದ್ರೆ ಮೊರದಲ್ಲಿ ಹರವಿ ಗಾಳಿಗಿಡಿ.

ಪಾವಗಡ ಕಡೆಯವರು, ಈಗ ಪೀಣ್ಯದಲ್ಲಿ: ನಮ್ಮೂರಲ್ಲಿ ಕಾಯಿ ಬಿಡಿಸೋ ಕಾಲಕ್ಕೆ ಹೊಲದಲ್ಲೇ ದೊಡ್ಡ ಪಾತ್ರೆ ಇಟ್ಟು ಬೇಯಿಸ್ತೀವಿ ಮೇಡಂ. ಬೆಂಗಳೂರಲ್ಲಿ ಕೊಳ್ಳೋರು ಕಾರ್ತಿಕದ ಕಡೇ ಸೋಮವಾರ ಬಸವನಗುಡಿ ಪರಿಷೆಗೆ ಹೋಗಿ, ಹಸಿ, ಹುರಿದಿದ್ದು, ಬೇಯಿಸಿದ್ದು ಎಲ್ಲಾ ಸಿಗುತ್ತೆ. ತಿಂದ ಮೇಲೆ ಒಂದು ಚೂರು ಬೆಲ್ಲ ತಿನ್ನಬೇಕು, ಇಲ್ದಿದ್ರೆ ಪಿತ್ತ. ನೀರಂತೂ ಕುಡೀಬಾರದು.

ಆಹಾರ ತಜ್ಞೆ: ಪರಿಷೆಯಲ್ಲಿ ಕೊಳ್ಳುವಾಗಲೂ ಅಲ್ಲಾಡಿಸಿ ನೋಡಿ ಸ್ವಾಮಿ, ದೂರದಿಂದ ಬಂದ ರಾಶಿ ಎಷ್ಟೋ ಅಷ್ಟೊತ್ತಿಗೆ ಒಣಗಿರುತ್ತೆ. ಬೆಲ್ಲ ರುಚಿಗೆ ತಿನ್ನಿ, ನನ್ನ ಅಭ್ಯಂತರ ಇಲ್ಲ, ಸಕ್ಕರೆ ಕಾಯಿಲೆಯವರು ಬಿಡಿ. ನೀರು ಕುಡಿದ್ರೆ ಏನೂ ಆಗಲ್ಲ. ಉಪ್ಪು ತಿಂದ ಮೇಲೆ ಬಾಯಾರಿಕೆ ಆಗೋದು ಸಹಜ.

ಯಲಹಂಕದ ಸದಸ್ಯೆ: ನನ್ನ ಮಗನಿಗೆ ಎರಡು ವರ್ಷ. ಮೆತ್ತಗೆ ಬೆಂದಿರುತ್ತಲ್ಲ, ಕೊಡಬಹುದಾ?

ಆಹಾರ ತಜ್ಞೆ: ಇಡೀ ಬೀಜ ಬೇಡವೇ ಬೇಡ. ಐದು ವರ್ಷ ತುಂಬೋವರೆಗೂ ಬೇಡ, ಗಂಟಲಿಗೆ ಸಿಕ್ಕಿಕೊಂಡ್ರೆ ಉಸಿರು ಕಟ್ಟುತ್ತೆ. ಉಪ್ಪಿಲ್ಲದೆ ಬೇಯಿಸಿ, ಹೊಟ್ಟು ತೆಗೆದು, ನುಣ್ಣಗೆ ಅರೆದು ಗಂಜಿಗೋ ಮೊಸರನ್ನಕ್ಕೋ ಕಲಸಿ ಕೊಡಿ. ಕಡಲೆಕಾಯಿ ಅಲರ್ಜಿ ಅಂತ ಗೊತ್ತಿರೋ ಮಕ್ಕಳಿಗೆ ಬೇಯಿಸಿದ್ದೂ ಕೊಡಬಾರದು. ಹುರಿದಿದ್ದಕ್ಕಿಂತ ಬೇಯಿಸಿದ್ದು ಅಲರ್ಜಿ ಕಡಿಮೆ ಅಂತ ಎಲ್ಲೋ ಓದಿ ಮನೇಲಿ ಪರೀಕ್ಷೆಗೆ ಇಳೀಬೇಡಿ.

ವಿಜಯನಗರದ ಸದಸ್ಯೆ: ಕೊನೇದೊಂದು ಕೇಳ್ತೀನಿ ಮೇಡಂ. ಒಂದು ಕೆಜಿ ಒಂದೇ ಸಂಜೆ ಖಾಲಿ ಆಗಲ್ಲ. ಉಳಿದಿದ್ದನ್ನ ಮಾರನೇ ದಿನ ಡಬ್ಬಿಗೆ ಹಾಕಬಹುದಾ?

ಆಹಾರ ತಜ್ಞೆ: ಹುರಿದ ಕಡಲೆಕಾಯಿ ಥರ ಇದನ್ನ ಡಬ್ಬದಲ್ಲಿ ತುಂಬಿ ಹೊರಗಿಡೋ ಹಾಗಿಲ್ಲ. ನೀರು ತುಂಬಿರೋ ಪದಾರ್ಥ, ಅನ್ನದ ಹಾಗೆ ಹಳಸುತ್ತೆ. ತಣ್ಣಗಾದ ಮೇಲೆ ಬಸಿದು ಫ್ರಿಜ್ಜಲ್ಲಿಟ್ರೆ ಮೂರು ದಿನ ಚೆನ್ನಾಗಿರುತ್ತೆ. ಬಿಡಿಸುವಾಗ ಕೈಗೆ ಲೋಳೆ ಅಂಟಿದ್ರೆ, ಹುಳಿ ವಾಸನೆ ಬಂದ್ರೆ ಎಸೀರಿ. ಜಾಸ್ತಿ ಇದ್ರೆ ಸಿಪ್ಪೆ ಸಮೇತ ಫ್ರೀಜರಿಗೆ ಹಾಕಿ, ಬೇಕಾದಾಗ ಇಡ್ಲಿ ಪಾತ್ರೇಲಿ ಹಬೆಗಿಟ್ರೆ ಆಯ್ತು. ಮಕ್ಕಳ ಡಬ್ಬಿಗೆ ಹಾಕೋದಾದ್ರೆ ಬೆಳಗ್ಗೆ ಬಿಸಿ ಮಾಡಿ, ಬಿಡಿಸಿ, ಹತ್ತೂವರೆ ಹನ್ನೊಂದರ ಸಣ್ಣ ಬ್ರೇಕಿಗೆ ಹಾಕಿ, ಮಧ್ಯಾಹ್ನದ ಊಟಕ್ಕಲ್ಲ. ತರಗತಿಯಲ್ಲಿ ಅಲರ್ಜಿ ಇರೋ ಮಗು ಇದೆಯಾ ಅಂತ ಟೀಚರನ್ನ ಒಂದು ಮಾತು ಕೇಳಿಕೊಳ್ಳಿ. ಸಿಪ್ಪೆ ಹಸಿ ಕಸಕ್ಕೆ ಹಾಕಿ. ಉಳಿದ ನೀರನ್ನ ಮಾತ್ರ ಕರಿಬೇವಿನ ಕುಂಡಕ್ಕೆ ಸುರೀಬೇಡಿ, ಆ ಉಪ್ಪಿಗೆ ಗಿಡ ಸೊರಗಿಹೋಗುತ್ತೆ.