ಹೊಸ ಸ್ಪೋರ್ಟ್ಸ್ ಕಾರಿನಲ್ಲಿ ಗೇರ್ ತಡೆದು ತಡೆದು ಬೀಳುತ್ತಿದೆ, ಏನು ಮಾಡಲಿ?

ಪ್ರಶ್ನೆ (ಡೆಟ್ರಾಯಿಟ್ ಹತ್ತಿರದಿಂದ):

ನಮಸ್ಕಾರ ಸರ್. ನೀವು ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವ ಕೆಲಸದಲ್ಲೇ ಇದ್ದೀರಿ ಅಂತ ಗುಂಪಿನಲ್ಲಿ ಹೇಳಿದರು, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಚಳಿಗಾಲ ಶುರುವಾಗುವಾಗ ಹೊಸ ಸ್ಪೋರ್ಟ್ಸ್ ಕಾರು ತೆಗೆದುಕೊಂಡೆ. ವಿ8 (ಎಂಟು ಸಿಲಿಂಡರಿನ) ಎಂಜಿನ್, ಹಿಂದಿನ ಚಕ್ರಕ್ಕೆ ಪವರ್, 6 ಸ್ಪೀಡ್ ಮ್ಯಾನುವಲ್. ಇನ್ನೂ ಸಾವಿರ ಮೈಲಿ ಓಡಿಲ್ಲ. ಬೆಳಗ್ಗೆ ಹೊರಟಾಗ ಒಂದರಿಂದ ಎರಡಕ್ಕೆ ಹಾಕುವಾಗ ಲಿವರ್ ನಡುವೆ ತಡೆದು ನಿಲ್ಲುತ್ತದೆ. ಸ್ವಲ್ಪ ಒತ್ತಿದರೆ ಟಕ್ ಅಂತ ಬೀಳುತ್ತದೆ. ಮೂರರಿಂದ ಎರಡಕ್ಕೆ ಇಳಿಸುವಾಗಲೂ ಹಾಗೇ. ಸ್ವಲ್ಪ ಹೊತ್ತು ಓಡಿಸಿದ ಮೇಲೆ ಪರವಾಗಿಲ್ಲ, ಆದರೂ ಪೂರ್ತಿ ನಯವಿಲ್ಲ. ಡೀಲರ್ ಹತ್ತಿರ ಹೋದರೆ "ಎಲ್ಲಾ ಹೀಗೇ ಇರುತ್ತೆ" ಅಂದು ಕಳಿಸಿದರು. ಊರಲ್ಲಿ ಅಪ್ಪನ ಮಾರುತಿ 800ರಲ್ಲಿ ಕಲಿತವನು ನಾನು. ಅದರಲ್ಲೂ ಇಷ್ಟು ಒರಟು ಇರಲಿಲ್ಲ. ಬೇರೆ ಗೇರ್ ಆಯಿಲ್ ಹಾಕಿಸಲಾ? ಲಿವರ್ ಕಡಿಮೆ ದೂರ ಆಡುವಂತೆ ಮಾಡುವ ಶಾರ್ಟ್ ಶಿಫ್ಟರ್ ಹಾಕಿಸಿದರೆ ಸರಿಹೋಗುತ್ತದೆ ಅಂತ ಸ್ನೇಹಿತರೊಬ್ಬರು ಹೇಳುತ್ತಿದ್ದಾರೆ.

ಉತ್ತರ:

ನಮಸ್ಕಾರ. ಮೊದಲು ಒಂದು ಮಾತು: ಸದ್ಯಕ್ಕೆ ದುಡ್ಡು ಖರ್ಚು ಮಾಡಬೇಡಿ. ಆಯಿಲೂ ಬೇಡ, ಶಿಫ್ಟರೂ ಬೇಡ. ನೀವು ಹೇಳಿದ್ದರಲ್ಲಿ ನನಗೆ ಸಮಾಧಾನ ಕೊಟ್ಟ ವಿಷಯ ಎರಡು. ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ. ಕರ್ರ್ ಅಂತ ಹಲ್ಲು ಉಜ್ಜುವ ಶಬ್ದದ ಬಗ್ಗೆ ನೀವು ಏನೂ ಬರೆದಿಲ್ಲ. ತಡೆಯುವುದು ಬೇರೆ, ಉಜ್ಜುವುದು ಬೇರೆ.

ನಿಮ್ಮ ಕೈಗೆ ಸಿಗುವ ಆ ತಡೆ ಎಲ್ಲಿಂದ ಬರುತ್ತದೆ ಅಂತ ಗೊತ್ತಾದರೆ ಅರ್ಧ ಸಮಸ್ಯೆ ಅಲ್ಲೇ ಹೋಗುತ್ತದೆ. ಕ್ಲಚ್ ಒತ್ತಿದಾಗ ಎಂಜಿನ್ ಸಂಬಂಧ ತಪ್ಪುತ್ತದೆ, ಆದರೆ ಕ್ಲಚ್ ಪ್ಲೇಟು ಮತ್ತು ಗೇರ್‌ಬಾಕ್ಸಿನ ಒಳಗೆ ಹೋಗುವ ಶಾಫ್ಟು ಹಳೆಯ ವೇಗದಲ್ಲೇ ತಿರುಗುತ್ತಿರುತ್ತವೆ. ಹೊಸ ಗೇರಿಗೆ ಬೇಕಾದ ವೇಗವೇ ಬೇರೆ. ಈ ಎರಡನ್ನೂ ಸಮ ಮಾಡುವುದು ಸಿಂಕ್ರೊ ರಿಂಗ್. ಅದು ಗೇರಿನ ಪಕ್ಕದಲ್ಲಿರುವ ಇಳಿಜಾರಾದ ಭಾಗದ, ಅಂದರೆ ಕೋನ್ ಮೇಲೆ ಉಜ್ಜಿಕೊಂಡು ವೇಗ ಸರಿಮಾಡುತ್ತದೆ. ಸಮ ಆಗುವವರೆಗೂ ತನ್ನ ಹಲ್ಲುಗಳನ್ನು ಅಡ್ಡ ಹಿಡಿದು ಲಿವರನ್ನು ಮುಂದೆ ಬಿಡುವುದಿಲ್ಲ. ಅಂದರೆ ನಿಮಗೆ ಸಿಗುವ ತಡೆ ಕೆಟ್ಟುಹೋದದ್ದರ ಗುರುತಲ್ಲ, ಆ ರಿಂಗ್ ತನ್ನ ಕೆಲಸ ಮಾಡುತ್ತಿದೆ. ಅಂದ ಹಾಗೆ, ಇದು ನಿಮ್ಮ ಊರಿನದೇ ವಿದ್ಯೆ. 1928ರಲ್ಲಿ ಡೆಟ್ರಾಯಿಟ್‌ನ ಕ್ಯಾಡಿಲ್ಯಾಕ್ ಕಂಪನಿ ಮೊದಲ ಬಾರಿಗೆ ಸಿಂಕ್ರೊ ಇರುವ ಗೇರ್‌ಬಾಕ್ಸನ್ನು ಮಾರಾಟದ ಕಾರಿಗೆ ಹಾಕಿತು. ಅದಕ್ಕೂ ಮುಂಚೆ ಡ್ರೈವರೇ ಕಿವಿಗೊಟ್ಟು, ಆಕ್ಸಿಲರೇಟರ್ ಆಡಿಸಿ ವೇಗ ಹೊಂದಿಸಬೇಕಿತ್ತು.

ಹಾಗಾದರೆ ಎರಡನೇ ಗೇರೇ ಯಾಕೆ? ಒಂದು ಲೆಕ್ಕ ನೋಡಿ. ವಿ8 ಕಾರುಗಳ ಕೆಲವು 6 ಸ್ಪೀಡ್ ಬಾಕ್ಸ್‌ಗಳಲ್ಲಿ ಗೇರ್ ಅನುಪಾತ, ಅಂದರೆ ಹೊರಗೆ ಹೋಗುವ ಶಾಫ್ಟು ಒಂದು ಸುತ್ತು ತಿರುಗಲು ಒಳಗೆ ಬರುವ ಶಾಫ್ಟು ತಿರುಗಬೇಕಾದ ಸುತ್ತು, ಹೀಗಿರುತ್ತದೆ: ಮೊದಲನೇ ಗೇರ್ 2.66, ಎರಡನೆಯದು 1.78, ಮೂರನೆಯದು 1.30, ನಾಲ್ಕನೆಯದು 1.00. 4000 ಆರ್‌ಪಿಎಂನಲ್ಲಿ ಒಂದರಿಂದ ಎರಡಕ್ಕೆ ಹಾಕಿದರೆ ಒಳಗಿನ ಶಾಫ್ಟು ಸುಮಾರು 2700ಕ್ಕೆ ಇಳಿಯಬೇಕು. ಮೂರರಿಂದ ನಾಲ್ಕಕ್ಕೆ ಆದರೆ ಸುಮಾರು 3100. ಮೊದಲನೆಯದರಲ್ಲಿ 1300ರ ಇಳಿತ, ಇನ್ನೊಂದರಲ್ಲಿ 900ರ ಇಳಿತ. ಹಾಗಾಗಿ ಎರಡನೇ ಗೇರಿನ ಸಿಂಕ್ರೊಗೆ ಕೆಲಸ ಜಾಸ್ತಿ. ಇದೇ ಕಾರಣಕ್ಕೆ ಕೆಳಗಿನ ಗೇರುಗಳಿಗೆ ಎರಡು ಮೂರು ಕೋನ್ ಇರುವ ಸಿಂಕ್ರೊ ಹಾಕುತ್ತಾರೆ. ಮಾರುತಿ 800ರ ಜೊತೆ ಹೋಲಿಸಿದಿರಲ್ಲ, ಅಲ್ಲಿನ ಎಂಜಿನ್ 796 ಸಿಸಿ. ಅದರ ಕ್ಲಚ್ ಪ್ಲೇಟು, ಗೇರುಗಳು ಎಲ್ಲಾ ಪುಟ್ಟವು. ವಿ8ನ ಬಲ ತಡೆಯಬೇಕಾದ ಬಾಕ್ಸಿನಲ್ಲಿ ಎಲ್ಲವೂ ದಪ್ಪ, ಭಾರ. ಅಷ್ಟು ಭಾರವನ್ನು ನಿಧಾನ ಮಾಡಲು ಸಿಂಕ್ರೊಗೆ ಸಮಯ ಬೇಕು.

ಇದರ ಮೇಲೆ ಮಿಶಿಗನ್ ಚಳಿ. ಎಣ್ಣೆ ಗಟ್ಟಿಯಾಗಿರುತ್ತದೆ, ರಿಂಗಿಗೂ ಕೋನಿಗೂ ನಡುವೆ ಇರುವ ಎಣ್ಣೆಪದರ ಬೇಗ ಸರಿಯುವುದಿಲ್ಲ. ಮನೆ ಮುಂದೆ ಕಾರು ನಿಲ್ಲಿಸಿ ಎಂಜಿನ್ ಬಿಸಿ ಮಾಡಿದರೆ ಗೇರ್‌ಬಾಕ್ಸ್ ಅಷ್ಟಾಗಿ ಬಿಸಿಯಾಗುವುದಿಲ್ಲ. ಅದರ ಎಣ್ಣೆ ಬಿಸಿಯಾಗುವುದು ಓಡಿಸಿದಾಗಲೇ. ಆದ್ದರಿಂದ ಮೊದಲ ಕೆಲವು ಮೈಲಿ 2500 ಆರ್‌ಪಿಎಂ ಒಳಗೇ ಗೇರ್ ಬದಲಿಸಿ, ಮೆಲ್ಲಗೆ ಹೋಗಿ.

ಕೈ ಹೇಗಿರಬೇಕು ಅಂದರೆ, ಲಿವರನ್ನು ಮುಷ್ಟಿಯಲ್ಲಿ ಹಿಡಿಯಬೇಡಿ. ಅಂಗೈ ಸಡಿಲವಾಗಿರಲಿ. ಕ್ಲಚ್ ಪೂರ್ತಿ ನೆಲದವರೆಗೆ ಒತ್ತಿ, ಲಿವರನ್ನು ನ್ಯೂಟ್ರಲ್‌ಗೆ ತನ್ನಿ, ಅಲ್ಲಿ ಒಂದು ಕ್ಷಣ ಬಿಡಿ. ಆಮೇಲೆ ಎರಡನೇ ಗೇರಿನ ಕಡೆ ಹಗುರವಾಗಿ ಒತ್ತಿಕೊಂಡೇ ಇರಿ. ತಳ್ಳಬೇಡಿ, ಕಾಯಿರಿ. ವೇಗ ಸಮ ಆದ ತಕ್ಷಣ ಲಿವರ್ ತಾನಾಗಿ ಒಳಗೆ ಹೋಗುತ್ತದೆ. ಜೋರು ಮಾಡಿದರೂ ಹೋಗುತ್ತದೆ, ಆದರೆ ಅದರ ಪೆಟ್ಟು ಬೀಳುವುದು ರಿಂಗಿಗೆ.

ಮೂರರಿಂದ ಎರಡಕ್ಕೆ ಇಳಿಸುವಾಗ ಕಥೆ ಉಲ್ಟಾ. ಅಲ್ಲಿ ಶಾಫ್ಟಿನ ವೇಗ ಏರಬೇಕು, ಅದಕ್ಕೆ ಡಬಲ್ ಕ್ಲಚ್ ಮಾಡಿ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಸ್ವಲ್ಪ ಒತ್ತಿ, ಮತ್ತೆ ಕ್ಲಚ್ ಒತ್ತಿ ಎರಡಕ್ಕೆ ಹಾಕಿ. ಸುಮ್ನೆ ಕ್ಲಚ್ ಒತ್ತಿಕೊಂಡೇ ಎಂಜಿನ್ ರೇಸ್ ಮಾಡಿದರೆ ಸಿಂಕ್ರೊಗೆ ಉಪಯೋಗವಿಲ್ಲ, ಅದು ಕ್ಲಚ್ ಬಿಡುವಾಗ ಜರ್ಕ್ ತಪ್ಪಿಸಲು ಮಾತ್ರ. ಡಬಲ್ ಕ್ಲಚ್ಚನ್ನು ನಮ್ಮ ಹಳೆಯ ಲಾರಿ ಡ್ರೈವರುಗಳು ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದರು. ನಿಮಗೂ ಬೇಗ ಬರುತ್ತದೆ. ಗೇರ್‌ಬಾಕ್ಸ್ ಬಿಸಿಯಾದ ಮೇಲೆ ಇದರ ಅಗತ್ಯವಿಲ್ಲ.

ಇನ್ನು ಆಯಿಲ್. ಇಲ್ಲಿ ದಯವಿಟ್ಟು ಹುಷಾರಾಗಿರಿ. ವಿ8 ಕಾರುಗಳಲ್ಲಿ ಬರುವ ಟ್ರೆಮೆಕ್ ಕಂಪನಿಯ ಟಿಆರ್-6060 ತರಹದ 6 ಸ್ಪೀಡ್ ಬಾಕ್ಸ್‌ಗಳಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹಾಕುವಂಥ ತೆಳು ಎಣ್ಣೆಯೇ ಬೇಕು. ಅದಕ್ಕೆ ಯಾರಾದರೂ 75ಡಬ್ಲ್ಯೂ-90 ಅನ್ನುವ ದಪ್ಪ ಗೇರ್ ಆಯಿಲ್ ಸುರಿದರೆ ಚಳಿಯಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಡಬ್ಬದ ಮೇಲೆ ಜಿಎಲ್-5 ಅಂತ ದರ್ಜೆ ಬರೆದಿರುವ ಗೇರ್ ಎಣ್ಣೆಗಳು ಹೆಚ್ಚಾಗಿ ಹಿಂದಿನ ಆಕ್ಸಲ್‌ಗೆ. ಅವು ಜಾರು ಜಾಸ್ತಿ, ಸಿಂಕ್ರೊ ಕಚ್ಚಿಕೊಳ್ಳುವುದಿಲ್ಲ, ಕೆಲವು ಹಿತ್ತಾಳೆ ರಿಂಗನ್ನೂ ತಿನ್ನುತ್ತವೆ. ನಿಮ್ಮ ಕಾರಿನ ಪುಸ್ತಕದಲ್ಲಿ ಯಾವ ಎಣ್ಣೆ ಬರೆದಿದೆಯೋ ಅದೇ. ಶಾರ್ಟ್ ಶಿಫ್ಟರ್ ಅಂತೂ ನಿಮ್ಮ ತೊಂದರೆಗೆ ಮದ್ದೇ ಅಲ್ಲ. ಲಿವರ್ ಚಲಿಸುವ ದೂರ ಕಡಿಮೆಯಾದಷ್ಟೂ ಕೈಗೆ ಬೇಕಾದ ಬಲ ಹೆಚ್ಚುತ್ತದೆ, ಇದೇ ತಡೆ ಇನ್ನೂ ಜೋರಾಗಿ ಸಿಗುತ್ತದೆ.

ಈಗ ಒಂದು ಪರೀಕ್ಷೆ ಮಾಡಿ ಹೇಳಿ. ಎಂಜಿನ್ ಆಫ್ ಮಾಡಿ, ಕ್ಲಚ್ ಒತ್ತಿ, ಎಲ್ಲಾ ಗೇರ್ ಹಾಕಿ ನೋಡಿ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ನಿಂತಲ್ಲೇ, ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿ ನಾಲ್ಕೈದು ಸೆಕೆಂಡ್ ಕಾದು ರಿವರ್ಸ್ ಹಾಕಿ. ಕರ್ರ್ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ.

ಮತ್ತೊಬ್ಬರು (ಬೆಂಗಳೂರಿನಿಂದ):

ಅಣ್ಣಾ, ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನದು ಹೊಸ ಟರ್ಬೊ ಹ್ಯಾಚ್‌ಬ್ಯಾಕ್. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗ ಫಸ್ಟ್ ಗೇರ್ ಒಮ್ಮೊಮ್ಮೆ ಬೀಳುವುದೇ ಇಲ್ಲ. ಹಿಂದೆ ಎಲ್ಲರೂ ಹಾರ್ನ್ ಹೊಡೆಯುತ್ತಾರೆ.

ಉತ್ತರ:

ಅದು ಹಲ್ಲಿಗೆ ಹಲ್ಲು ಎದುರಾಗಿ ನಿಂತದ್ದು. ಕಾರು ನಿಂತು ಕ್ಲಚ್ ಒತ್ತಿಕೊಂಡಿರುವಾಗ ಗೇರುಗಳು ತಿರುಗುವುದಿಲ್ಲ, ಹಾಗಾಗಿ ಒತ್ತಿದರೂ ಜಾಗ ಸಿಗುವುದಿಲ್ಲ. ಲಿವರ್ ನ್ಯೂಟ್ರಲ್‌ಗೆ ತಂದು ಕ್ಲಚ್ ಒಂದು ಸಲ ಬಿಟ್ಟು ಒತ್ತಿ. ಇಲ್ಲವೇ ಮೊದಲು ಎರಡನೇ ಗೇರ್ ಹಾಕಿ ಆಮೇಲೆ ಒಂದಕ್ಕೆ ಬನ್ನಿ. ಪ್ರತಿ ಸಿಗ್ನಲ್‌ನಲ್ಲೂ ಆಗುತ್ತಿದ್ದರೆ ಕ್ಲಚ್ ತೋರಿಸಿ. ಇನ್ನೊಂದು, ಟ್ರಾಫಿಕ್‌ನಲ್ಲಿ ಕೈಯನ್ನು ಲಿವರ್ ಮೇಲೆ ಇಟ್ಟುಕೊಂಡು ಕೂರುವ ಅಭ್ಯಾಸ ಇದ್ದರೆ ಬಿಡಿ. ಆ ಭಾರ ಗೇರ್ ಬದಲಿಸಲು ಒಳಗೆ ಸರಿಯುವ ಫೋರ್ಕ್ ಮೇಲೆ ಬಿದ್ದು ಅದು ಸವೆಯುತ್ತದೆ.

ಇನ್ನೊಬ್ಬರು (ಟೆಕ್ಸಾಸ್‌ನಿಂದ):

ಸರ್, ನಾನು ಸೆಕೆಂಡ್ ಹ್ಯಾಂಡ್ ಕಮಾರೊ ಎಸ್‌ಎಸ್ ತೆಗೆದುಕೊಂಡೆ. ಮೆಲ್ಲಗೆ ಓಡಿಸುವಾಗ ಒಂದರಿಂದ ಎರಡಕ್ಕೆ ಹೋಗುವುದೇ ಇಲ್ಲ, ಲಿವರ್ ನಾಲ್ಕಕ್ಕೇ ಹೋಗುತ್ತದೆ!

ಉತ್ತರ:

ಗಾಬರಿ ಬೇಡ, ಅದು ಬೇಕಂತಲೇ ಮಾಡಿರುವುದು. ಸ್ಕಿಪ್ ಶಿಫ್ಟ್ ಅನ್ನುತ್ತಾರೆ. ಎಂಜಿನ್ ಬಿಸಿಯಾಗಿದ್ದು, ಕಡಿಮೆ ಆಕ್ಸಿಲರೇಟರ್‌ನಲ್ಲಿ, ಸುಮಾರು 15ರಿಂದ 20 ಮೈಲಿ ವೇಗದಲ್ಲಿ ಹೋಗುತ್ತಿದ್ದರೆ ಒಂದು ಸೊಲೆನಾಯ್ಡ್ (ಕರೆಂಟಿನಿಂದ ಚಲಿಸುವ ಪಿನ್) ಎರಡನೇ ಗೇರಿನ ದಾರಿ ಮುಚ್ಚುತ್ತದೆ. ಪೆಟ್ರೋಲ್ ಉಳಿತಾಯದ ಸರ್ಕಾರಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕಿ ಬರಲಿ ಅಂತ 1989ರ ಕಾರ್ವೆಟ್‌ನಿಂದ ಶುರುವಾದ ಏರ್ಪಾಡು ಇದು. ಮೊದಲನೇ ಗೇರಿನಲ್ಲಿ ಸ್ವಲ್ಪ ಜಾಸ್ತಿ ಆಕ್ಸಿಲರೇಟರ್ ಕೊಟ್ಟು ಎಳೆದು ಬದಲಿಸಿ, ಎರಡು ಸಿಗುತ್ತದೆ. ಬಲವಂತವಾಗಿ ಮಾತ್ರ ತಳ್ಳಬೇಡಿ.

ಪ್ರಶ್ನೆ ಕೇಳಿದವರು:

ಸರ್, ಪರೀಕ್ಷೆ ಮಾಡಿದೆ. ಎಂಜಿನ್ ಆಫ್ ಇದ್ದಾಗ ಎಲ್ಲಾ ಗೇರ್ ಸಲೀಸು. ರಿವರ್ಸ್‌ಗೆ ಸ್ವಲ್ಪ ಕರ್ರ್ ಅಂತು, ಪ್ರತಿ ಸಲ ಅಲ್ಲ. ಕ್ಲಚ್ ಎರಡು ಸಲ ಪಂಪ್ ಮಾಡಿದರೆ ಶಬ್ದ ಬರಲಿಲ್ಲ.

ಉತ್ತರ:

ಇದು ಮುಖ್ಯವಾದ ವಿಷಯ, ಪರೀಕ್ಷೆ ಮಾಡಿ ಬರೆದದ್ದು ಬಹಳ ಒಳ್ಳೆಯದಾಯಿತು. ಮೊದಲು ಕ್ಲಚ್ ಪೆಡಲ್ ಕೆಳಗೆ ನೋಡಿ. ಹಿಮಕ್ಕೆ ಅಂತ ದಪ್ಪ ರಬ್ಬರ್ ಮ್ಯಾಟನ್ನು ಹಳೆಯ ಮ್ಯಾಟ್ ಮೇಲೆಯೇ ಹಾಕಿದ್ದರೆ ಪೆಡಲ್ ಪೂರ್ತಿ ಕೆಳಗೆ ಹೋಗುವುದಿಲ್ಲ. ಹಳೆಯದನ್ನು ತೆಗೆದು ಮತ್ತೆ ಪರೀಕ್ಷಿಸಿ. ಸೀಟನ್ನೂ ಒಂದು ಹಲ್ಲು ಮುಂದೆ ಎಳೆದುಕೊಳ್ಳಿ.

ಆಗಲೂ ಪಂಪ್ ಮಾಡಿದರೆ ಮಾತ್ರ ಸರಿ ಅಂತಾದರೆ, ಪೆಡಲಿನ ಒತ್ತಡವನ್ನು ಕ್ಲಚ್ಚಿಗೆ ಒಯ್ಯುವ ದ್ರವದ ಲೈನಿನಲ್ಲಿ ಗಾಳಿ ಸೇರಿರುವ ಅನುಮಾನ ನನಗೆ ಬಲವಾಗಿದೆ. ಆಗ ಇದು ನೀವು ಸಹಿಸಿಕೊಳ್ಳಬೇಕಾದದ್ದಲ್ಲ, ವಾರಂಟಿಯಲ್ಲಿ ಸರಿಮಾಡಬೇಕಾದದ್ದು. ಲೈನ್ ಬ್ಲೀಡ್ ಮಾಡುವುದು, ಅಂದರೆ ಆ ಗಾಳಿ ಹೊರಗೆ ತೆಗೆಯುವುದು, ಸಣ್ಣ ಕೆಲಸ. ಹಾಗೇ ಬಿಟ್ಟರೆ ಸಿಂಕ್ರೊ ಸವೆಯುತ್ತದೆ, ಆಮೇಲೆ ಬಾಕ್ಸ್ ಬಿಚ್ಚಬೇಕಾಗುತ್ತದೆ.

ಡೀಲರ್ ಹತ್ತಿರ "ಗೇರ್ ಒರಟು" ಅಂತ ಹೇಳಬೇಡಿ. ಅದನ್ನು ಅವರು ದಿನಾ ಕೇಳುತ್ತಾರೆ. "ಕ್ಲಚ್ ಒತ್ತಿ ಕಾದ ಮೇಲೂ ರಿವರ್ಸ್ ಉಜ್ಜುತ್ತದೆ, ಪಂಪ್ ಮಾಡಿದರೆ ನಿಲ್ಲುತ್ತದೆ" ಅಂತ ಇದೇ ಮಾತುಗಳಲ್ಲಿ ಹೇಳಿ, ಜಾಬ್ ಕಾರ್ಡಿನಲ್ಲಿ ಬರೆಸಿ, ಅದರ ಕಾಪಿ ಇಟ್ಟುಕೊಳ್ಳಿ. ಕಾರನ್ನು ಹಿಂದಿನ ಸಂಜೆಯೇ ಅಲ್ಲಿ ಬಿಡಿ. ಬೆಳಗ್ಗೆ ಅವರ ಮೆಕ್ಯಾನಿಕ್ ತಣ್ಣಗಿನ ಕಾರನ್ನೇ ಓಡಿಸಬೇಕು, ನೀವೂ ಪಕ್ಕದಲ್ಲಿ ಕೂರಬೇಕು. ನೀವು ಅಲ್ಲಿಗೆ ಓಡಿಸಿಕೊಂಡು ಹೋಗುವಷ್ಟರಲ್ಲಿ ಬಾಕ್ಸ್ ಬಿಸಿಯಾಗಿ ಎಲ್ಲಾ ಸರಿ ಇದೆ ಅನಿಸಿಬಿಡುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ಬ್ಲೀಡ್ ಆದ ಮೇಲೆ ಬೆಳಗಿನ ಎರಡನೇ ಗೇರ್ ಹೇಗಿದೆ ಅಂತ ಇಲ್ಲೇ ಬರೆಯಿರಿ.