ಸಹಾಯ ಬೇಕು: ‘ದಿ ಬ್ಲಾಬ್’ ಚಿತ್ರದಂಥ ಕೆಂಪು ಲೋಳೆ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. 1958ರ ‘ದಿ ಬ್ಲಾಬ್’ ನೋಡಿದವರು ಇಲ್ಲಿ ಇದ್ದೀರಾ? ಆಕಾಶದಿಂದ ಬಿದ್ದ ಕಲ್ಲಿನೊಳಗಿಂದ ಬಂದ ಲೋಳೆ, ಸಿಕ್ಕವರನ್ನೆಲ್ಲ ನುಂಗುತ್ತಾ ಬೆಳೆಯುತ್ತದಲ್ಲ, ಅದೇ ಚಿತ್ರ. ಸ್ಟೀವ್ ಮೆಕ್ವೀನ್ ನಾಯಕ. ಹಾಲಿವುಡ್‌ನಿಂದ ದೂರ, ಪೆನ್ಸಿಲ್ವೇನಿಯಾದಲ್ಲಿ ಕಡಿಮೆ ದುಡ್ಡಿನಲ್ಲಿ ತೆಗೆದದ್ದು. ಫೀನಿಕ್ಸ್‌ವಿಲ್ ಊರಿನ ಕಲೋನಿಯಲ್ ಥಿಯೇಟರ್‌ನಿಂದ ಜನ ಕಿರುಚುತ್ತಾ ಓಡಿಬರುವ ದೃಶ್ಯ ನನಗೆ ಪ್ರಾಣ.

ಅಕ್ಕನ ಮಕ್ಕಳು ರಜೆಗೆ ಬಂದಿದ್ದಾರೆ. ಅಂಥದ್ದೇ ಒಂದು ಪುಟ್ಟ ಚಿತ್ರವನ್ನು ಫೋನಿನಲ್ಲಿ ತೆಗೆಯುತ್ತಿದ್ದೇವೆ. ರಟ್ಟಿನ ಮನೆಗಳು ತಯಾರಾಗಿವೆ. ಸೆಟ್‌ಗೇ ಕ್ಯಾಮೆರಾ ಬಿಗಿದು ಎರಡನ್ನೂ ಒಟ್ಟಿಗೆ ವಾಲಿಸಿದರೆ ಲೋಳೆ ತಾನಾಗಿಯೇ ಹರಿದಂತೆ ಕಾಣುತ್ತದೆ. ಆ ಚಿತ್ರದವರೂ ಹೀಗೇ ಮಾಡಿದ್ದು. ಎಷ್ಟು ಸರಳ, ಅಲ್ವಾ!

ತೊಂದರೆ ಲೋಳೆಯದ್ದೇ. ಮೈದಾ ಅಂಟು ಮಾಡಿ ಬಣ್ಣ ಹಾಕಿದೆವು. ದೀಪದ ಬಿಸಿಗೆ ಬೇಗ ಒಣಗಿ ಬಿರುಕು ಬಿಟ್ಟಿತು. ಮೂಲ ಚಿತ್ರದಲ್ಲಿ ಕೆಂಪು ಬಣ್ಣ ಬೆರೆಸಿದ ಸಿಲಿಕೋನ್ ಬಳಸಿದ್ದರು, ಅದು ಒಣಗುವುದಿಲ್ಲ. ಮನೆಯಲ್ಲೇ ಅಂಥದ್ದನ್ನು ಹೇಗೆ ಮಾಡಬಹುದು? ಎರಡು ಲೀಟರ್‌ನಷ್ಟು ಬೇಕು. ಬೋರಾಕ್ಸ್ (ಲೋಳೆ ಗಟ್ಟಿಯಾಗಲು ಹಾಕುವ ರಾಸಾಯನಿಕ ಪುಡಿ) ಬೇಡ, ಚಿಕ್ಕವಳಿಗೆ ಇನ್ನೂ ಐದು ವರ್ಷ, ಕೈ ಬಾಯಿಗೆ ಹೋಗುತ್ತದೆ. ಮಾಡಿ ನೋಡಿದವರು ಅಳತೆ ಸಮೇತ ದಯವಿಟ್ಟು ತಿಳಿಸಿ. ಭಾನುವಾರ ಮಕ್ಕಳು ಊರಿಗೆ ಹೊರಡುತ್ತಾರೆ.